ಲೈಸೆನ್ಸಿಲ್ಲದ ಆರು ತಿಂಗಳು

ಸಾಗರದಲ್ಲಿ ನಾನು ಡ್ರೈವಿಂಗ್ ಸ್ಕೂಲ್ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಊರಿನ ಅರ್ಧ ಜನಕ್ಕೆ ಕ್ಲಚ್ ಬಿಡುವುದನ್ನು ಕಲಿಸಿದ್ದು ನಾನೇ ಎಂದರೆ ಜಂಬ ಅನ್ನಿಸೀತು. ಆದರೆ ಪೇಟೆಯಲ್ಲಿ ನಾನು ನಡೆದು ಹೋಗುವಾಗ, ಎದುರು ಬರುವ ಯಾವುದಾದರೂ ಕಾರು ನನ್ನನ್ನು ನೋಡಿ ತಟ್ಟನೆ ವೇಗ ತಗ್ಗಿಸುವುದು, ಅದರೊಳಗಿನವರು ಅವಸರದಲ್ಲಿ ಸೀಟ್ ಬೆಲ್ಟ್ ಎಳೆದುಕೊಳ್ಳುವುದು ಇವತ್ತಿಗೂ ಇದೆ.

ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಸ್ಟೀರಿಂಗ್ ಮುಟ್ಟಿಸುವುದಿಲ್ಲ. ಬೆಂಚಿನ ಮೇಲೆ ಕೂರಿಸಿ ಒಂದು ಗಂಟೆ ಪಾಠ ಮಾಡುತ್ತೇನೆ. ರಸ್ತೆ ಬದಿಯ ಬೋರ್ಡುಗಳು, ಕೈ ಸನ್ನೆಗಳು, ಕೊನೆಗೆ ಕಾನೂನು. "ನೂರ ಎಂಬತ್ತೈದನೇ ಸೆಕ್ಷನ್ ಅಂದ್ರೆ ಎಂತದು?" ಎಂದು ಕೇಳಿ, ಯಾರೂ ಹೇಳದಿದ್ದಾಗ ನಾನೇ ಹೇಳುತ್ತಿದ್ದೆ: "ಕುಡಿದು ಗಾಡಿ ಓಡಿಸೋದು. ನೂರು ಮಿಲಿ ರಕ್ತದಲ್ಲಿ ಮೂವತ್ತು ಮಿಲಿಗ್ರಾಂ ದಾಟಿದ್ರೆ ಕೇಸು. ಮೊದಲನೇ ಸಲಕ್ಕೆ ಹತ್ತು ಸಾವಿರದ ತನಕ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಲೈಸೆನ್ಸ್ ಅಮಾನತು ಬೇರೆ." ಇದನ್ನು ಎಷ್ಟು ಸಲ ಹೇಳಿದ್ದೆನೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದೆ.

ಅದೇ ಸೆಕ್ಷನ್ನಿನಲ್ಲಿ ನಾನೇ ಸಿಕ್ಕಿಬಿದ್ದದ್ದು ಒಂದು ಮೇ ತಿಂಗಳಲ್ಲಿ, ನನ್ನ ಹೆಂಡತಿಯ ತಮ್ಮನ ಬೀಗರೂಟದ ದಿನ.

ಹುಡುಗಿಯ ಮನೆ ತೀರ್ಥಹಳ್ಳಿ ಕಡೆಯ ಮೇಳಿಗೆ. ಮದುವೆ ಸಾಗರದ ಛತ್ರದಲ್ಲಿ ಆಗಿತ್ತು. ಮೂರನೇ ದಿನ ಅವರ ಮನೆಯಂಗಳದಲ್ಲಿ ಬೀಗರೂಟ. ನಾವು ಮೂರು ಜನ ಹೊರಟೆವು: ನಾನು, ನನ್ನ ಹೆಂಡತಿ, ನಮ್ಮ ಅತ್ತೆ. ನಮಗೆ ಬೇರೆ ಕಾರಿಲ್ಲ. ಹಾಗಾಗಿ ನೆತ್ತಿಯ ಮೇಲೆ ಹಳದಿ ಬೋರ್ಡು ಹೊತ್ತ, ಮುಂದೂ ಹಿಂದೂ ಕೆಂಪು ಅಕ್ಷರದಲ್ಲಿ 'ಎಲ್' ಬರೆದ ಸ್ಕೂಲಿನ ಕಾರಿನಲ್ಲೇ ಹೋದೆವು. "ಬೀಗರ ಮನೆಗೆ ಈ ವೇಷದಲ್ಲಿ ಹೋಗ್ಬೇಕಾ?" ಎಂದು ನನ್ನ ಹೆಂಡತಿ ಗೊಣಗಿದಳು. ಬೋರ್ಡು ಬಿಚ್ಚಲು ನನಗೆ ಸೋಮಾರಿತನ.

ಹುಡುಗಿಯ ದೊಡ್ಡಪ್ಪ ಎತ್ತರದ, ಗಟ್ಟಿ ದನಿಯ ಮನುಷ್ಯ. ನಾನು ಚಪ್ಪಲಿ ಬಿಡುವ ಮೊದಲೇ ಹೆಗಲ ಮೇಲೆ ಕೈಹಾಕಿ ಶಾಮಿಯಾನದ ಹಿಂಬದಿಗೆ ಕರೆದುಕೊಂಡು ಹೋದರು. ಅಲ್ಲಿ ನೀಲಿ ಡ್ರಮ್ಮಿನ ತುಂಬ ಐಸು, ಅದರೊಳಗೆ ಬಾಟಲಿಗಳು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಆರೇಳು ಗಂಡಸರು ಆಗಲೇ ಕೆಂಪಗಾಗಿ ಕೂತಿದ್ದರು.

"ಗಾಡಿ ಓಡಿಸ್ಬೇಕು, ಬೇಡ" ಎಂದೆ.

"ಬಿಯರ್ ಅಲ್ವಾ ಮಾರಾಯ್ರೆ! ಈ ಸೆಖೆಗೆ ಮಜ್ಜಿಗೆ ಕುಡ್ದಂಗೆ. ಹುಡುಗನ ಭಾವ ಬಂದು ಒಣ ಬಾಯಲ್ಲಿ ಹೋದ್ರು ಅಂದ್ರೆ ನಮ್ಗೆ ಮರ್ಯಾದೆನಾ?"

ಅವರ ಮರ್ಯಾದೆ ಉಳಿಸಲು ಒಂದು ಕುಡಿದೆ. ಸೆಖೆ ನಿಜವಾಗಿಯೂ ಇತ್ತು, ಎರಡನೆಯದನ್ನು ಸೆಖೆಯ ಸಲುವಾಗಿ ಕುಡಿದೆ. ಆಮೇಲೆ ಯಾರೋ ಮಿಲಿಟರಿಯಿಂದ ರಜೆಯ ಮೇಲೆ ಬಂದವರು ಒಂದು ವಿಸ್ಕಿ ಬಾಟಲಿ ತೆಗೆದರು. ಅದನ್ನು ಯಾಕೆ ಕುಡಿದೆ ಎಂಬುದಕ್ಕೆ ಕಾರಣ ಹುಡುಕಲೂ ಇಲ್ಲ. ಕಡುಬು, ಕೋಳಿ ಸಾರು ಹೊಟ್ಟೆತುಂಬ ಉಂಡೆ. ಉಂಡಮೇಲೆ ಇಳಿಯುತ್ತದೆ ಎಂಬ ನಂಬಿಕೆಯೊಂದು ಕುಡಿಯುವವರಲ್ಲಿ ಇದೆ. ನನ್ನ ಶಿಷ್ಯರು ಹಾಗೆಂದರೆ ನಾನು ಗದರಿಸುತ್ತಿದ್ದೆ.

ಮೂರು ಗಂಟೆಯ ಹೊತ್ತಿಗೆ ಹೊರಟೆವು. ಕಾರಿನ ಹತ್ತಿರ ಹೆಂಡತಿ ಕೈ ಚಾಚಿದಳು.

"ಕೀ ಕೊಡ್ರಿ. ನಾನು ಓಡಿಸ್ತೀನಿ."

"ಎಂತ ಆಗಿದೆ ನಂಗೆ? ಇಪ್ಪತ್ತೆರಡು ವರ್ಷದಿಂದ..."

"ವರ್ಷ ಕೇಳ್ಲಿಲ್ಲ ನಾನು. ಕೀ ಕೇಳ್ದೆ."

ಅವಳಿಗೆ ಲೈಸೆನ್ಸ್ ಬಂದು ಒಂಬತ್ತು ವರ್ಷ. ಕಲಿಸಿದವನು ನಾನೇ. ಆದರೆ ಸಾಗರದ ಪೇಟೆ ಬಿಟ್ಟು ಆಚೆ ಓಡಿಸಲು ಅವಳನ್ನು ನಾನು ಬಿಟ್ಟದ್ದೇ ಇಲ್ಲ. ತಿರುವಿನ ದಾರಿ, ಲಾರಿಯವರು ಒಂದೇ ಸಮ ಬರ್ತಾರೆ, ಇನ್ನೊಂದು ಸಲ ನೋಡೋಣ ಎನ್ನುತ್ತಿದ್ದೆ. ಅವತ್ತೂ ಅದನ್ನೇ ಹೇಳಿ ಡ್ರೈವರ್ ಸೀಟಿನಲ್ಲಿ ಕೂತೆ. ಬೀಗರೆಲ್ಲ ಗೇಟಿನ ಹತ್ತಿರ ನಿಂತು ಕೈ ಬೀಸುತ್ತಿದ್ದರು. ಅವರೆದುರು ಜಗಳ ಬೇಡವೆಂದು ಅವಳು ಸುಮ್ಮನೆ ಪಕ್ಕದಲ್ಲಿ ಕೂತಳು. ಅತ್ತೆ ಹಿಂದಿನ ಸೀಟಿನಲ್ಲಿ ತಾಂಬೂಲದ ಚೀಲ ತಬ್ಬಿಕೊಂಡು ಕಣ್ಣು ಮುಚ್ಚಿದರು.

ತೀರ್ಥಹಳ್ಳಿ ದಾಟಿ ಹೊಸನಗರದ ದಾರಿ ಹಿಡಿದೆವು. ನಾನು ಚೆನ್ನಾಗಿಯೇ ಓಡಿಸುತ್ತಿದ್ದೇನೆ ಎಂದು ನನಗೆ ಪೂರ್ತಿ ನಂಬಿಕೆ. ಹಾಡು ಬೇರೆ ಗುನುಗುತ್ತಿದ್ದೆ. ಒಂದು ಬಲ ತಿರುವಿನಲ್ಲಿ ನನ್ನ ಕಾರು ರಸ್ತೆಯ ಆಚೆ ಬದಿಗೆ ಹೋಯಿತು. ಎದುರಿಗೆ ಒಂದು ಸ್ಕೂಟರ್. ಹಾರನ್ ಕೇಳಿಸಿತು, ಏನೋ ಬಣ್ಣ ಸರ್ರೆಂದು ಪಕ್ಕಕ್ಕೆ ಹೋಯಿತು. ನಾನು ಸ್ಟೀರಿಂಗ್ ಎಳೆದುಕೊಂಡು ಮುಂದೆ ಹೋದೆ.

ಹೆಂಡತಿ ಹಿಂದಕ್ಕೆ ತಿರುಗಿದಳು. ಆ ಹೊತ್ತಿಗೆ ತಿರುವು ದಾಟಿತ್ತು. "ರೀ, ಆ ಸ್ಕೂಟರ್ ಬಿತ್ತಾ?"

"ಇಲ್ಲ. ಪಕ್ಕಕ್ಕೆ ತಗೊಂಡ್ರು, ಆರಾಮ್ ಹೋದ್ರು."

ಕನ್ನಡಿಯನ್ನು ನೋಡದೇ ಹೇಳಿದ ಮಾತದು. ಪ್ರತಿ ಹತ್ತು ಸೆಕೆಂಡಿಗೊಮ್ಮೆ ಕನ್ನಡಿ ನೋಡಿ ಎಂದು ಕಲಿಸುವವನು, ನೋಡಬೇಕಾದ ಒಂದೇ ಒಂದು ಸಲ ನೋಡಲಿಲ್ಲ.

ಹೊಸನಗರಕ್ಕೆ ಇನ್ನೂ ದೂರವಿರುವಾಗ ರಸ್ತೆಗೆ ಅಡ್ಡಲಾಗಿ ಬ್ಯಾರಿಕೇಡ್ ಇಟ್ಟುಕೊಂಡು ಪೊಲೀಸರು ನಿಂತಿದ್ದರು. ನಮ್ಮ ಹಳದಿ ಬೋರ್ಡನ್ನು ದೂರದಿಂದಲೇ ನೋಡಿ ಒಬ್ಬರು ಕೈ ಅಡ್ಡ ಹಿಡಿದರು. ಎಸ್‌ಐ ಹೆಣ್ಣುಮಗಳು, ಮೂವತ್ತು ದಾಟಿರಲಾರದು. ಗಾಜು ಇಳಿಸಿದ ಕೂಡಲೇ ಅವರ ಮೂಗು ಸ್ವಲ್ಪ ಸುಕ್ಕಾಯಿತು.

"ಎಲ್ಲಿಂದ ಸರ್?"

"ಬೀಗರೂಟ ಮೇಡಂ, ಮೇಳಿಗೇಲಿ."

"ಊದಿ."

ಊದಿದೆ. ಪೈಪು ಸರಿಯಾಗಿ ಹಿಡಿದಿಲ್ಲವೆಂದು ಮತ್ತೊಮ್ಮೆ ಊದಿಸಿದರು. ಮಶೀನು ಕೀಚ್ ಎಂದಿತು. ಅವರು ಅದನ್ನು ನನ್ನ ಕಡೆ ತಿರುಗಿಸಿ ತೋರಿಸಿದರು: ತೊಂಬತ್ತೊಂದು. ನನ್ನ ಬೆಂಚಿನ ಪಾಠದ ಮೂವತ್ತಕ್ಕೆ ಮೂರು ಪಟ್ಟು.

"ಡ್ರೈವಿಂಗ್ ಸ್ಕೂಲ್ ನಿಮ್ದೇನಾ?"

"ಹೌದು."

ಅವರು ನಗಲಿಲ್ಲ. ಹಿಂದಿದ್ದ ಕಾನ್‌ಸ್ಟೇಬಲ್ ಮಾತ್ರ ಬೇರೆ ಕಡೆ ತಿರುಗಿಕೊಂಡ. ಎಸ್‌ಐ ಹೇಳಿದರು: "ಒಬ್ರು ಹೆಂಗಸು ಫೋನ್ ಮಾಡಿ ಹೇಳಿದ್ರು, ಡ್ರೈವಿಂಗ್ ಸ್ಕೂಲ್ ಗಾಡಿಯೊಂದು ರಸ್ತೆ ತುಂಬ ಓಡಾಡ್ಕೊಂಡು ಬರ್ತಿದೆ ಅಂತ. ಸೆಕ್ಷನ್ ಎಂತದು ಅಂತ ನಿಮ್ಗೆ ನಾನು ಹೇಳ್ಬೇಕಾ?"

ಬೇಕಿರಲಿಲ್ಲ. ಲೈಸೆನ್ಸ್ ತೆಗೆದುಕೊಂಡು ರಸೀದಿ ಬರೆದುಕೊಟ್ಟರು. ಹೊಸನಗರದ ಕೋರ್ಟಿಗೆ ಬರಬೇಕೆಂದು ನೋಟಿಸಿಗೆ ಸಹಿ ಹಾಕಿಸಿದರು. ಕಾರು ಅಲ್ಲೇ ನಿಲ್ಲಿಸಿಕೊಳ್ಳುವವರಿದ್ದರು. ಅಷ್ಟರಲ್ಲಿ ನನ್ನ ಹೆಂಡತಿ ಇಳಿದು ಬಂದು ಪರ್ಸಿನಿಂದ ತನ್ನ ಲೈಸೆನ್ಸ್ ತೆಗೆದು ಮುಂದೆ ಹಿಡಿದಳು. ಅವಳಿಗೂ ಊದಿಸಿದರು. ಸೊನ್ನೆ.

"ನೀವಿರುವಾಗ ಇವ್ರು ಯಾಕಮ್ಮ ಓಡಿಸಿದ್ದು?"

"ಅದನ್ನ ಅವ್ರನ್ನೇ ಕೇಳಿ ಮೇಡಂ. ನಾನೂ ಕೇಳ್ಬೇಕು ಅಂತಿದ್ದೀನಿ."

ನಾನು ಮೆಲ್ಲಗೆ ಹೋಗಿ ಮುಂದಿನ ಎಡ ಸೀಟಿನಲ್ಲಿ ಕೂತೆ. ಅದು ನನ್ನ ದಿನನಿತ್ಯದ ಸೀಟು; ಕಲಿಸುವವರಿಗೆಂದು ಅಲ್ಲೂ ಒಂದು ಜೊತೆ ಕ್ಲಚ್ಚು, ಬ್ರೇಕು ಇರುತ್ತವೆ. ಎಸ್‌ಐ ಬಗ್ಗಿ ಒಳಗೆ ನೋಡಿದರು. "ಇಲ್ಲೂ ಬ್ರೇಕ್ ಇದ್ಯಲ್ಲ? ನೀವು ಇಳೀರಿ ಸರ್. ಹಿಂದೆ ಕೂತ್ಕೊಳಿ."

ಅತ್ತೆ ಚೀಲ ಸರಿಸಿ ಜಾಗ ಕೊಟ್ಟರು. ಕಾರು ಹೊರಟಮೇಲೆ ಕಿಟಕಿಯ ಕಡೆ ನೋಡುತ್ತ, "ಅಳಿಯಂದ್ರೆ, ಬಾಯಿ ವಾಸ್ನೆ ಬರ್ತಿದೆ. ಅತ್ಲಾಗೆ ತಿರುಗ್ಸಿ" ಎಂದರು.

ಅಲ್ಲಿಂದ ಸಾಗರದ ತನಕ ನನ್ನ ಹೆಂಡತಿ ಒಂದು ಗೇರನ್ನೂ ತಪ್ಪಿ ಹಾಕಲಿಲ್ಲ. ತಿರುವಿಗೆ ಮುಂಚೆ ಹಾರನ್, ಇಳಿಜಾರಿನಲ್ಲಿ ಎರಡನೇ ಗೇರು, ಬಸ್ಸಿಗೆ ದಾರಿ. ಹಿಂದೆ ಕೂತು ನೋಡುತ್ತಿದ್ದ ನನಗೆ ತಪ್ಪು ಹುಡುಕುವ ಚಟ ಬಿಡಲಿಲ್ಲ. ಏನೂ ಸಿಗಲಿಲ್ಲ.

ಕೋರ್ಟಿನ ದಿನ ಬೆಳಿಗ್ಗೆ ಅವಳು "ಬಿಟ್ಟು ಬರ್ಲಾ?" ಎಂದಳು. ಬೇಡ ಎಂದು ಬಸ್ಸು ಹತ್ತಿದೆ. ಬಟ್ಟೆಮಲ್ಲಪ್ಪದಲ್ಲಿ ಹತ್ತಿದವರಲ್ಲಿ ಒಬ್ಬ ಹೆಂಗಸು ನನ್ನ ಪಕ್ಕದ ಖಾಲಿ ಜಾಗದ ಹತ್ತಿರ ಬಂದು, "ಅಯ್ಯೋ ಸರ್! ನೀವು ಬಸ್ಸಲ್ಲಾ?" ಎಂದರು. ಎರಡು ವರ್ಷದ ಹಿಂದೆ ನನ್ನ ಹತ್ತಿರ ಕಾರು ಕಲಿತವರು. ಹೊಸನಗರದ ಹತ್ತಿರ ಅಂಗನವಾಡಿ ಟೀಚರ್. ಕಲಿಯುವಾಗ ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ಒಬ್ಬರೇ ಶಿಷ್ಯೆ ಎಂದು ನೆನಪಿತ್ತು. ಅವರ ಬಲ ಮೊಣಕೈಗೆ ಬ್ಯಾಂಡೇಜ್ ಇತ್ತು.

"ಕೋರ್ಟಲ್ಲಿ ಸ್ವಲ್ಪ ಕೆಲ್ಸ" ಎಂದೆ. "ಕೈಗೆ ಎಂತ ಆಯ್ತು?"

"ಅದನ್ನೇ ನಿಮ್ಗೆ ಹೇಳ್ಬೇಕು ಅಂತಿದ್ದೆ ಸರ್. ಫೋನ್ ಮಾಡೋಣ ಅಂದ್ರೆ ಬೇಜಾರು ಮಾಡ್ಕೊಳ್ತೀರೇನೋ ಅಂತ ಸುಮ್ನಿದ್ದೆ." ಅವರು ದನಿ ತಗ್ಗಿಸಿದರು. "ಹೋದ ತಿಂಗಳು ಅಮ್ಮನ ಮನೆಗೆ ಸ್ಕೂಟರಲ್ಲಿ ಹೋಗ್ತಿದ್ದೆ, ತೀರ್ಥಹಳ್ಳಿ ದಾರೀಲಿ. ತಿರುವಲ್ಲಿ ನಿಮ್ಮ ಸ್ಕೂಲ್ ಗಾಡಿ ಸೀದಾ ನನ್ನ ಮೇಲೇ ಬಂತು. ಚರಂಡಿಗೆ ಇಳಿಸ್ದೆ, ಇಲ್ಲಾಂದ್ರೆ ಮುಗ್ದೇ ಹೋಗ್ತಿತ್ತು. ಎರಡು ದಿನ ಕೂತು ಮಾಡಿದ ಹಲಸಿನ ಹಪ್ಪಳ ಎಲ್ಲಾ ಕೆಸರಿಗೆ ಬಿತ್ತು. ನಿಮ್ಮ ಹತ್ರ ಕೆಲಸಕ್ಕಿರೋರು ಯಾರೋ ಓಡಿಸ್ತಿದ್ರು ಅನ್ಸುತ್ತೆ ಸರ್. ಬಿಸಿಲಿಗೆ ಮುಖ ಕಾಣ್ಲಿಲ್ಲ. ಅಂಥೋರನ್ನ ಇಟ್ಕೊಬೇಡಿ. ನಿಮ್ಮ ಹೆಸ್ರು ಹಾಳಾಗುತ್ತೆ."

ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಅವರು ಇನ್ನೂ ಹೇಳುತ್ತಿದ್ದರು: "ನಾನೇ ಪೊಲೀಸ್ರಿಗೆ ಫೋನ್ ಮಾಡಿದ್ದು. ನೀವೇ ಹೇಳಿಕೊಟ್ಟಿದ್ರಲ್ಲ ಸರ್, ಅಂಥ ಗಾಡಿ ಕಂಡ್ರೆ ಬೆನ್ನು ಹತ್ತಬೇಡಿ, ಯಾವ ಗಾಡಿ ಅಂತ ನೋಡ್ಕೊಂಡು ಫೋನ್ ಮಾಡಿ ಅಂತ."

ಹೌದೇ, ಹಾಗಾ, ವಿಚಾರಿಸ್ತೀನಿ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಮಾತುಗಳು ನಾಲಗೆಯ ತುದಿಗೆ ಬಂದಿದ್ದವು ಕೂಡ. ಆ ಕ್ಷಣಕ್ಕೆ ಅವು ಎಷ್ಟು ಸುಲಭವಾಗಿ ಕಂಡವು ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬಸ್ಸು ಒಂದು ಸ್ಟಾಪಿನಲ್ಲಿ ನಿಂತು ಹೊರಟಿತು.

"ಕೆಲಸದವರಲ್ಲ," ಎಂದೆ. "ನಾನೇ ಓಡಿಸ್ತಿದ್ದೆ. ಕುಡಿದಿದ್ದೆ. ಇವತ್ತು ಕೋರ್ಟಿಗೆ ಹೋಗ್ತಿರೋದು ಅದಕ್ಕೇ."

ಅವರು ನನ್ನ ಮುಖವನ್ನೇ ನೋಡಿದರು. ತಮಾಷೆ ಮಾಡುತ್ತಿದ್ದೇನೆಂದು ಅಂದುಕೊಂಡಿರಬೇಕು. ತುಟಿ ಸ್ವಲ್ಪ ನಗುವಿಗೆ ಹೊರಟು ಅಲ್ಲೇ ನಿಂತಿತು.

"ನೀವಾ ಸರ್?"

"ಸ್ಕೂಟರ್ ಬಿದ್ದದ್ದು ನೋಡ್ಲಿಲ್ಲ. ನಿಲ್ಲಿಸ್ಲೂ ಇಲ್ಲ. ನೀವು ದೂರು ಕೊಡೋದಾದ್ರೆ ಕೊಡಿ, ನಾನು ಇಲ್ಲ ಅನ್ನಲ್ಲ."

ಅವರು ಕಿಟಕಿಯ ಕಡೆ ತಿರುಗಿದರು. ಹೊಸನಗರ ಹತ್ತಿರ ಬಂದಾಗ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು ಹೇಳಿದರು: "ನನ್ ಮಗಳು ಹಿಂದೆ ಕೂತ್ಕೊಂಡು ಬರ್ತೀನಿ ಅಂತ ಹಟ ಮಾಡಿದ್ಲು ಸರ್ ಅವತ್ತು. ಬಿಸಿಲು ಅಂತ ಬಿಟ್ಟು ಹೋಗಿದ್ದೆ." ಅಷ್ಟು ಹೇಳಿ ಇಳಿದು ಹೋದರು.

ಮಶೀನಿನ ಕೀಚ್ ಸದ್ದಿಗಾಗಲಿ, ಅತ್ತೆಯ ಮಾತಿಗಾಗಲಿ ಆಗದಷ್ಟು ಭಯ ನನಗೆ ಆಗ ಆಯಿತು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಕೋರ್ಟಿನ ಕಡೆ ನಡೆದೆ.

ಕೋರ್ಟಿನಲ್ಲಿ ಅವತ್ತು ಬೇಸಿಗೆಯ ಸಂಭ್ರಮವೆಲ್ಲ ಒಂದೇ ಕಡೆ ಸೇರಿದ ಹಾಗಿತ್ತು. ನನ್ನ ಬೆಂಚಿನಲ್ಲಿ ಮಾಸ್ತಿಕಟ್ಟೆ ಕಡೆ ಹಿನ್ನೀರಿನ ದಡದಲ್ಲಿ ಬಾಟಲಿ ಹಿಡಿದು ಕೂತಿದ್ದ ನಾಲ್ಕು ಜನ ಸ್ನೇಹಿತರು. ಸಾರ್ವಜನಿಕ ಜಾಗದಲ್ಲಿ ಕುಡಿದ ಕೇಸು. ಅವರ ಪಕ್ಕ ಒಬ್ಬ ಮದುವಣಿಗನ ಚಿಕ್ಕಪ್ಪ. ದಿಬ್ಬಣದ ಮುಂದೆ ಕುಣಿಯುತ್ತ ಬ್ಯಾಂಡಿನವನ ತಮಟೆ ಕಿತ್ತುಕೊಂಡು, ಬಿಡಿಸಲು ಬಂದವನಿಗೆ ಅದರಲ್ಲೇ ಬಾರಿಸಿದ್ದ. ಈಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟು, ಇರುವೆಗೂ ನೋವು ಮಾಡದವನ ಹಾಗೆ ಕೂತಿದ್ದ.

"ನಿಮ್ದು ಎಂತ ಕೇಸು?" ಎಂದು ನನ್ನನ್ನು ಕೇಳಿದ.

"ಗಾಡಿ."

"ಊದಿಸಿದ್ರಾ? ಎಷ್ಟು ಬಂತು?"

ಹೇಳಿದೆ. ಆತ ಮೆಚ್ಚಿಗೆಯಿಂದ ತಲೆಯಾಡಿಸಿದ.

ನನ್ನ ಹೆಸರು ಕೂಗಿದರು. ಕಟಕಟೆಯಲ್ಲಿ ನಿಂತೆ. ನ್ಯಾಯಾಧೀಶರು ಕಾಗದ ಓದಿ, ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದರು. ಒಪ್ಪಿಕೊಳ್ಳುತ್ತೇನೆ ಎಂದೆ.

"ಏನು ಕೆಲಸ ಮಾಡೋದು?"

"ಡ್ರೈವಿಂಗ್ ಸ್ಕೂಲ್, ಸ್ವಾಮಿ."

ಕೋರ್ಟ್ ಹಾಲಿನಲ್ಲಿ ನಗು ಹೊರಟಿತು. ವಕೀಲರು ಕಡತಗಳ ಹಿಂದೆ ಮುಖ ಮುಚ್ಚಿಕೊಂಡರು. ತಮಟೆಯ ಚಿಕ್ಕಪ್ಪ ಮಾತ್ರ ಎಲ್ಲರಿಗಿಂತ ಜೋರಾಗಿ ನಕ್ಕು ಪೇದೆಯಿಂದ ಬೈಸಿಕೊಂಡ. ನ್ಯಾಯಾಧೀಶರು ತಲೆ ಎತ್ತಿ ನೋಡಿದರು.

"ನೀವು ಕಲಿಸಿದವರು ಎಷ್ಟು ಜನ ಈಗ ರಸ್ತೆಯಲ್ಲಿದ್ದಾರೆ?"

"ಲೆಕ್ಕ ಇಟ್ಟಿಲ್ಲ ಸ್ವಾಮಿ."

"ಅವರಲ್ಲಿ ಒಬ್ಬರಾದರೂ ನಿಮ್ಮ ಎದುರು ಬಂದಿದ್ದರೆ?"

ಬಂದಿದ್ದರು ಎಂದೆ. ಅವರು ಕನ್ನಡಕ ತೆಗೆದರು. ಬಸ್ಸಿನಲ್ಲಿ ಕೇಳಿದ್ದನ್ನು ಎರಡು ವಾಕ್ಯದಲ್ಲಿ ಹೇಳಿದೆ. ನನ್ನ ಪರ ಮಾತಾಡಬೇಕಿದ್ದ ವಕೀಲರು, ಇದನ್ನೆಲ್ಲ ಯಾಕೆ ಹೇಳಿದಿರಿ ಎಂದು ಆಮೇಲೆ ಕಾರಿಡಾರಿನಲ್ಲಿ ನನಗೆ ಬೈದರು. ಕಾನೂನಿನಲ್ಲಿದ್ದ ಪೂರ್ತಿ ದಂಡ ಬಿತ್ತು. ಅದರ ಜೊತೆಗೆ ಅವತ್ತು ಕೋರ್ಟ್ ಏಳುವ ತನಕ ಅಲ್ಲೇ ಕೂತಿರಬೇಕೆಂಬ ಶಿಕ್ಷೆ. ಮಧ್ಯಾಹ್ನ ಊಟವಿಲ್ಲದೆ ಆ ಬೆಂಚಿನ ಮೇಲೆ ಕೂತು ಬೇರೆಯವರ ಕೇಸುಗಳನ್ನೆಲ್ಲ ಕೇಳಿದೆ.

ಲೈಸೆನ್ಸಿನ ವಿಚಾರ ಸಾಗರದ ಆರ್‌ಟಿಒ ಕಚೇರಿಗೆ ಬಂತು. ವಾರಕ್ಕೆ ಎರಡು ಸಲ ಶಿಷ್ಯರನ್ನು ಟೆಸ್ಟಿಗೆ ಕರೆದುಕೊಂಡು ಹೋಗುವ ಕಚೇರಿ ಅದು. ಅಲ್ಲಿನ ಎಲ್ಲರಿಗೂ ನನ್ನ ಗುರುತು. ಕಾರಣ ಕೇಳಿ ನೋಟಿಸು ಕೊಟ್ಟರು, ನಾನು ಬರೆದ ಉತ್ತರ ಓದಿದರು. ಅಧಿಕಾರಿ ಆರು ತಿಂಗಳು ಎಂದು ಬರೆದು ಸಹಿ ಹಾಕಿ, "ಬೇರೆಯವರಿಗಾದ್ರೆ ಬುದ್ಧಿ ಹೇಳ್ತಿದ್ದೆ. ನಿಮ್ಗೆ ಎಂತ ಹೇಳ್ಲಿ?" ಎಂದರು. ಕಾರಲ್ಲಿ ಕೂತು ಕಲಿಸುವ ಹಾಗೂ ಇಲ್ಲ ಎಂದೂ ಸ್ಪಷ್ಟ ಮಾಡಿದರು.

ಸ್ಕೂಲು ಮುಚ್ಚುವ ಹಾಗಿರಲಿಲ್ಲ. ಕಲಿಸುವ ಅರ್ಹತೆಯಿದ್ದ, ಬಸ್ಸು ಓಡಿಸಿ ನಿವೃತ್ತರಾದ ಒಬ್ಬರನ್ನು ಗೊತ್ತು ಮಾಡಿದೆ. ಅವರು ಯಾರ ಮೇಲೂ ಕೂಗುತ್ತಿರಲಿಲ್ಲ. ಕಾರು ನಿಂತುಹೋದರೆ "ಇರ್ಲಿ, ಅದಕ್ಕೂ ಸುಸ್ತಾಗಿದೆ" ಎನ್ನುತ್ತಿದ್ದರು. ಒಂದೇ ತಿಂಗಳಿಗೆ ಶಿಷ್ಯರೆಲ್ಲ ಅವರ ಪಕ್ಷ ಸೇರಿದರು. ನನ್ನ ಪಾಲಿಗೆ ಉಳಿದದ್ದು ಬೆಂಚಿನ ಪಾಠ. ಮೊದಲ ದಿನ ಕಾನೂನಿನ ಭಾಗ ಬಂತು. ಎದುರಿಗಿದ್ದ ಐದು ಜನಕ್ಕೂ ಸುದ್ದಿ ಗೊತ್ತಿತ್ತು, ಅವರ ಕಣ್ಣಲ್ಲೇ ಕಾಣುತ್ತಿತ್ತು. ಸೆಕ್ಷನ್ ಹೇಳಿದೆ, ಅಂಕಿ ಹೇಳಿದೆ, ಆಮೇಲೆ ಬಾಗಿಲು ಮುಂದೆ ಮಾಡಿ ಮೇಳಿಗೆಯಿಂದ ಕೋರ್ಟಿನ ತನಕ ನಡೆದದ್ದನ್ನೆಲ್ಲ ಹೇಳಿದೆ. ಅವತ್ತಿನಿಂದ ಆ ಪಾಠ ಒಂದು ಗಂಟೆಯ ಬದಲು ಒಂದೂವರೆ ಗಂಟೆಯಾಗಿದೆ.

ಅಂಗನವಾಡಿ ಟೀಚರ್ ದೂರು ಕೊಡಲಿಲ್ಲ. ಸ್ಕೂಟರಿನ ರಿಪೇರಿ ನಾನು ಮಾಡಿಸುತ್ತೇನೆಂದು ಹೇಳಿ ಕಳಿಸಿದಾಗ ಬೇಡ ಎನ್ನಲಿಲ್ಲ, ಮಾತೂ ಬೆಳೆಸಲಿಲ್ಲ. ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಆ ಆರು ತಿಂಗಳಲ್ಲಿ ನಿಜವಾಗಿ ಊರು ತಿರುಗಿದವಳು ನನ್ನ ಹೆಂಡತಿ. ಮೊದಲು ತಮ್ಮನ ಕೆಲಸಕ್ಕೆಂದು ಹೊಸನಗರ, ಆಮೇಲೆ ಬೀಗರ ಮನೆಗೆಂದು ಮೇಳಿಗೆ. ಒಂದು ಭಾನುವಾರ ತನ್ನ ಮೂರು ಗೆಳತಿಯರನ್ನೂ ಅಮ್ಮನನ್ನೂ ಕೂರಿಸಿಕೊಂಡು, ಹೊಸನಗರದ ಆಚೆಯ ನಗರ ಎಂಬ ಊರಿನ ಕೋಟೆ ನೋಡಲು ಹೊರಟಳು. ಕಾರಿನಲ್ಲಿ ಜಾಗ ಸಾಲದೆಂದು ನನ್ನನ್ನು ಮನೆಯಲ್ಲೇ ಬಿಟ್ಟರು. ಸಂಜೆ ಬಂದಾಗ ಅತ್ತೆಯ ಮುಖ ಅರಳಿತ್ತು. "ನಾಲ್ಕು ಗಂಟೆ ದಾರೀಲಿ ಒಂದ್ಸಲನೂ ಎದೆ ಝಲ್ ಅನ್ಲಿಲ್ಲ ನೋಡಿ" ಎಂದು ನನಗೆ ಕೇಳುವ ಹಾಗೆ ಹೇಳಿದರು.

ಲೈಸೆನ್ಸ್ ಕೈಗೆ ಬಂದದ್ದು ಚಳಿಗಾಲದ ಒಂದು ಬೆಳಿಗ್ಗೆ. ಕಚೇರಿಯಿಂದ ಹೊರಗೆ ಬಂದು ಹೆಂಡತಿಯ ಹತ್ತಿರ ಕೀ ಕೇಳಿದೆ. ಅವಳು ನನ್ನ ಮುಖ ನೋಡಿ, ಕೀಯನ್ನು ಅಂಗೈಯಲ್ಲಿ ಇಟ್ಟು, ಪಕ್ಕದ ಸೀಟಿಗೆ ಹೋದಳು. ಸೀಟು ಅವಳ ಅಳತೆಗೆ ಮುಂದೆ ಸರಿದಿತ್ತು, ಹಿಂದೆ ಸರಿಸಿಕೊಂಡೆ. ಕನ್ನಡಿ ಸರಿಮಾಡಿದೆ, ಬೆಲ್ಟ್ ಹಾಕಿದೆ. ಪೇಟೆಯ ನಡುವಿನ ಸರ್ಕಲ್ಲಿಗೆ ಬಂದಾಗ ಎದುರಿಗೆ ಒಬ್ಬ ಅಜ್ಜಿ ರಸ್ತೆ ದಾಟುತ್ತಿದ್ದರು. ನಿಲ್ಲಿಸಿದೆ. ಮತ್ತೆ ಹೊರಡುವಾಗ ಕ್ಲಚ್ಚನ್ನು ಒಮ್ಮೆಲೇ ಬಿಟ್ಟೆ. ಕಾರು ಒಂದು ಜಿಗಿತ ಜಿಗಿದು ನಿಂತೇ ಹೋಯಿತು. ಹಿಂದಿನ ಆಟೋಗಳೆಲ್ಲ ಒಟ್ಟಿಗೆ ಹಾರನ್ ಹೊಡೆದವು. ಹೂವಿನಂಗಡಿಯವಳು ಹೊರಗೆ ಬಂದು ನಿಂತು ನೋಡಿ, "ಯಾರೋ ಹೊಸಬ್ರು ಕಲೀತಿದಾರೆ, ಹೋಗ್ಲಿ ಬಿಡ್ರೋ" ಎಂದು ಆಟೋದವರಿಗೆ ಕೂಗಿ ಹೇಳಿದಳು.

ಹೆಂಡತಿ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಮತ್ತೆ ಸ್ಟಾರ್ಟ್ ಮಾಡಿದೆ.